ಮಳೆಗೆ ಮೊದಲು ಮನೆಯ ಅಳತೆ

ಟೇಪಿನ ಒಂದು ತುದಿ ನನ್ನ ಕೈಯಲ್ಲಿದೆ. ಇನ್ನೊಂದು ತುದಿಯನ್ನು ನೀವು ಹಿಡಿದುಕೊಳ್ಳಿ. ಗೋಡೆಯ ಒಳಮೈಗೆ ತಾಗಿಸಿ ಇಡಿ, ಸಡಿಲ ಬಿಡಬೇಡಿ. ಪಡಸಾಲೆ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಕಿಟಕಿಯ ಬಳಿ ಕೂತ ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಮುಂದೆ ದೇವರ ಕೋಣೆ, ಮಲಗುವ ಎರಡು ಕೋಣೆ, ಅಡುಗೆಮನೆ, ಉಗ್ರಾಣ, ಬಚ್ಚಲು. ಬಚ್ಚಲ ಒಲೆಯ ಕೆಂಡ ಇನ್ನೂ ಆರಿಲ್ಲ, ನೆಲವೂ ಜಾರುತ್ತದೆ, ನೋಡಿ ಕಾಲಿಡಿ.

ಮೇ ತಿಂಗಳ ಕೊನೆಯ ವಾರ ಇದು. ರೋಹಿಣಿ ಮಳೆ ಹುಟ್ಟಿ ಎರಡು ದಿನವಾಯಿತು. ಕಳಸದ ಪೇಟೆಯಿಂದ ಹೊರನಾಡಿನ ದಾರಿ ಹಿಡಿದು, ಹೆಬ್ಬಾಳೆ ಸೇತುವೆ ದಾಟಿ ನೀವು ಇಲ್ಲಿಗೆ ಬಂದಿರಿ. ಈಗ ಸೇತುವೆಯ ಕೆಳಗೆ ಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಾಳೆ. ಇನ್ನೆರಡು ತಿಂಗಳಿಗೆ ಅದೇ ಸೇತುವೆಯ ಮೇಲೆ ನೀರು ಹತ್ತುತ್ತದೆ, ಆಗ ನಾವು ಈ ಕಡೆ, ಪೇಟೆ ಆ ಕಡೆ. ಕುದುರೆಮುಖದ ದಿಕ್ಕಿನಿಂದ ಮಧ್ಯಾಹ್ನಕ್ಕೇ ಮೋಡ ಏರುತ್ತಿದೆ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿವೆ. ಅಮ್ಮ ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದಾರೆ.

ಮಳೆಗಾಲಕ್ಕೆ ಮನೆಯನ್ನು ತಯಾರು ಮಾಡುವ ಕ್ರಮ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸೌದೆ ಒಟ್ಟಬೇಕು, ಹಂಚು ಕೈಯಾಡಿಸಬೇಕು, ಚರಂಡಿ ಬಿಡಿಸಬೇಕು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜನ ಹುಡುಕಬೇಕು. ಮನೆಯ ಇನ್ಶೂರೆನ್ಸ್ ಕಾಗದ ತೆಗೆದು ಓದುವುದು ಈ ಕೆಲಸಗಳಲ್ಲಿ ಎಂದೂ ಸೇರಿರಲಿಲ್ಲ. ಈ ವರ್ಷ ಸೇರಿಸಿಕೊಂಡೆವು. ಯಾಕೆಂದು ಕೂತು ಹೇಳುತ್ತೇನೆ. ಟೇಪು ಬಿಡಿ, ಕಾಫಿ ಬಂತು.

ಈ ಕಾಗದ ನೋಡಿ. ಅಪ್ಪ ಕಟ್ಟಿಸಿದ ಈ ಮನೆಗೆ 2016ರಲ್ಲಿ ಹಿಂದಿನ ಕೋಣೆಯನ್ನೂ ಅಡುಗೆಮನೆಯನ್ನೂ ಸೇರಿಸಿದೆವು. ಬ್ಯಾಂಕಿನಲ್ಲಿ 12 ಲಕ್ಷ ರೂಪಾಯಿ ಸಾಲ ತೆಗೆದೆವು. ಹತ್ತಾರು ಕಾಗದಗಳಿಗೆ ರುಜು ಹಾಕುವಾಗ ಇದಕ್ಕೂ ಒಂದು ರುಜು ಹಾಕಿದ್ದೆ. ಆಮೇಲೆ ವರ್ಷಕ್ಕೊಮ್ಮೆ ಖಾತೆಯಿಂದ ಪ್ರೀಮಿಯಂ ಕಡಿತವಾಗುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬರುತ್ತಿತ್ತು. ಮನೆಗೆ ಇನ್ಶೂರೆನ್ಸ್ ಇದೆ ಎಂದು ನೆಮ್ಮದಿಯಾಗಿದ್ದೆ. ಈ ಮಾರ್ಚಿನಲ್ಲಿ ಸಾಲ ತೀರಿತು. ಬ್ಯಾಂಕಿನವರು ಮನೆಪತ್ರಗಳ ಜೊತೆ ಪಾಲಿಸಿಯನ್ನೂ ಕವರಿಗೆ ಹಾಕಿ ಕೊಟ್ಟರು. ಇದನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಆಗ.

ಮೊದಲ ಪುಟದಲ್ಲೇ ನಾಲ್ಕು ವಿಷಯಗಳಿವೆ, ಬೆರಳಿಟ್ಟು ತೋರಿಸುತ್ತೇನೆ. ವಿಮೆ ಪಡೆದವರ ಹೆಸರಿನ ಜಾಗದಲ್ಲಿ ಮೊದಲು ಬ್ಯಾಂಕು, ಆಮೇಲೆ ನಾನು. ವಿಮಾ ಮೊತ್ತ 12,00,000. ಇದು ಮನೆಯ ಬೆಲೆಯಲ್ಲ, ನಮ್ಮ ಸಾಲದ ಅಂಕಿ. ಮನೆಯ ಸಾಮಾನಿನ ಕಾಲಮ್ಮಿನಲ್ಲಿ ಸೊನ್ನೆ. ಕೊನೆಯದಾಗಿ ತಾರೀಕು: ಮೇ 31. ಸಾಲ ಮುಗಿದ ಮನೆಗೆ ಬ್ಯಾಂಕು ಮತ್ತೆ ಪ್ರೀಮಿಯಂ ಕಟ್ಟಿಸುವುದಿಲ್ಲ. ಅಂದರೆ ಜೂನ್ 1ರಿಂದ, ಮಳೆಗಾಲ ಕಾಲಿಡುವ ಹೊತ್ತಿಗೆ ಸರಿಯಾಗಿ, ಈ ಮನೆಗೆ ಯಾವ ರಕ್ಷಣೆಯೂ ಇರುವುದಿಲ್ಲ. ಸಾಲ ತೀರಿದ ಸಂತೋಷದಲ್ಲಿ ಸಿಹಿ ಹಂಚಿದ ಮನೆ ಇದು.

ಮೇಸ್ತ್ರಿ ಬಂದರು. 2016ರ ಕೆಲಸ ಮಾಡಿದವರು ಇವರೇ. ಚಪ್ಪಲಿ ಕಳಚಿ, ಜಗಲಿಯ ಕಟ್ಟೆಯ ಮೇಲೆ ಕೂತು, ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದಾರೆ.

"ಇಡೀ ಮನೆ ಬಿದ್ದುಹೋಯಿತು ಅಂತ ಇಟ್ಟುಕೊಳ್ಳಿ. ಹೀಗೇ ಮತ್ತೆ ಕಟ್ಟಲಿಕ್ಕೆ ಇವತ್ತು ಎಷ್ಟಾಗ್ತದೆ?"

"ಬಿಡ್ತು ಅನ್ನಿ ಮಾರಾಯ್ರೆ! ಮಳೆ ಹಿಡಿಯೋ ಹೊತ್ತಲ್ಲಿ ಎಂತ ಮಾತಾಡ್ತೀರಿ?"

ಅಂಗಳದಿಂದ ಅಮ್ಮನ ದನಿಯೂ ಸೇರುತ್ತದೆ. "ಬಿಡ್ತು ಅನ್ನು ಮೊದಲು."

ಬಿಡ್ತು ಎಂದೆ. ನೀವೂ ಅನ್ನಿ, ತಪ್ಪೇನಿಲ್ಲ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದೆಂಬ ಹಿರಿಯರ ಈ ನಡತೆಯ ಮೇಲೆ ನನಗೆ ಗೌರವವಿದೆ. ಆದರೆ ಲೆಕ್ಕ ಹಾಕಲೇಬೇಕಾದ ಮಾತೂ ಅದರ ಹಿಂದೆ ಅಡಗಿಹೋಗುತ್ತದೆ. ಇವತ್ತು ಬಿಡ್ತು ಎಂದೂ ಆಯಿತು, ಲೆಕ್ಕವನ್ನೂ ಹಾಕೋಣ.

ಮೇಸ್ತ್ರಿ ಬೆರಳು ಮಡಿಸುತ್ತಾರೆ. ಕಲ್ಲು, ಸಿಮೆಂಟು, ಎಂ-ಸ್ಯಾಂಡ್, ಕಬ್ಬಿಣ, ಪಕಾಸಿ-ರೀಪಿಗೆ ಮರ, ಹಂಚು, ವೈರಿಂಗು. ಎಲ್ಲವೂ ಲಾರಿಯಲ್ಲಿ ತಿರುವು ದಾರಿ ಹತ್ತಿ ಬರಬೇಕು. ಕೂಲಿ ಬೇರೆ. "ಚದರಡಿಗೆ 2,200ಕ್ಕೆ ಕಮ್ಮಿ ಯಾರೂ ಮುಟ್ಟುವುದಿಲ್ಲ." ನಮ್ಮ ಟೇಪಿನ ಲೆಕ್ಕದಲ್ಲಿ ಒಳಗಿನ ಅಳತೆ 1,150 ಚದರಡಿ, ಅಂದರೆ ಸುಮಾರು 107 ಚದರ ಮೀಟರ್. ಗುಣಿಸಿದರೆ 25,30,000 ರೂಪಾಯಿ. ಜಗಲಿ, ಹಿಂದಿನ ತಡೆಗೋಡೆ, ಗೇಟು, ನೀರಿನ ಟ್ಯಾಂಕು, ಸೋಲಾರ್ ಎಲ್ಲ ಸೇರಿ ಇನ್ನೊಂದು 3,20,000 ಎನ್ನುತ್ತಾರೆ ಮೇಸ್ತ್ರಿ. ಒಟ್ಟು ಇಪ್ಪತ್ತೆಂಟೂವರೆ ಲಕ್ಷ. ಇಷ್ಟು ವರ್ಷ ನಾವು ವಿಮೆ ಮಾಡಿಸಿದ್ದದ್ದು ಇದರ ಅರ್ಧಕ್ಕೂ ಅಲ್ಲ.

ಬರೆಯಬೇಕಾದ ಅಂಕಿ ಇದೇ: ಮತ್ತೆ ಕಟ್ಟಲು ಬೇಕಾಗುವ ದುಡ್ಡು. ಹೋಂಸ್ಟೇ ಮಾಡುವ ಆಸೆಯಿಂದ ಬೆಂಗಳೂರಿನವರು ಬಂದು ಕೇಳಿದ ಬೆಲೆ ಇದರ ಎಷ್ಟೋ ಪಟ್ಟು ಇರಬಹುದು. ಅದರಲ್ಲಿ ನೆಲವಿದೆ, ಮರವಿದೆ, ಕಿಟಕಿಯಿಂದ ಕಾಣುವ ಗುಡ್ಡವಿದೆ. ಪಾಲಿಸಿ ನೋಡುವುದು ಗೋಡೆ-ಮಾಡುಗಳನ್ನು ಮಾತ್ರ. ಗುಡ್ಡ ಜಾರಿ ಮನೆಯ ಕೆಳಗಿನ ನೆಲವೇ ಹೊರಟುಹೋದರೆ ಆ ನೆಲದ ಬೆಲೆಯನ್ನು ನಮ್ಮ ದೇಶದ ಸಾಮಾನ್ಯ ಮನೆವಿಮೆ ಕಟ್ಟಿಕೊಡುವುದಿಲ್ಲ. ನ್ಯೂಜಿಲೆಂಡಿನಲ್ಲಿ ಕಥೆ ಬೇರೆ. ಅಲ್ಲಿ ಮನೆಗೆ ಬೆಂಕಿ ವಿಮೆ ಮಾಡಿಸಿದವರಿಗೆ ಸರ್ಕಾರಿ ಆಯೋಗವೊಂದರ ಮೂಲಕ ಭೂಕಂಪ, ಭೂಕುಸಿತಗಳ ರಕ್ಷಣೆ ತಾನಾಗಿ ಸಿಗುತ್ತದೆ, ಮನೆಯ ಸುತ್ತ ಎಂಟು ಮೀಟರ್ ಒಳಗಿನ ನೆಲವೂ ಒಂದು ಮಿತಿಯಲ್ಲಿ ಅದರಲ್ಲಿ ಸೇರುತ್ತದೆ. ಗುಡ್ಡದ ಬುಡದಲ್ಲಿ ಬದುಕುವ ನಮಗೆ ಅಂಥದ್ದೊಂದು ಬೇಕೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂಕಿ ಕಮ್ಮಿ ಬರೆದರೆ ಏನಾಗುತ್ತಿತ್ತು ಎಂಬುದನ್ನು ಮಗಳು ಪುಟದ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸುತ್ತಾಳೆ. ಹಳೆಯ ಬೆಂಕಿ ಪಾಲಿಸಿಗಳಲ್ಲಿ ಒಂದು ನಿಯಮವಿತ್ತು. 25 ಲಕ್ಷ 30 ಸಾವಿರದ ಮನೆಗೆ 12 ಲಕ್ಷದ ವಿಮೆ ಮಾಡಿಸಿದ್ದರೆ, ಗಾಳಿಗೆ ಮಾಡು ಹಾರಿ 2 ಲಕ್ಷ ನಷ್ಟವಾದಾಗ ಅದೇ ಪ್ರಮಾಣದಲ್ಲಿ ಕತ್ತರಿಸಿ ಸುಮಾರು 95,000 ಮಾತ್ರ ಕೊಡುತ್ತಿದ್ದರು. 12 ಲಕ್ಷದ ವಿಮೆ ಇದೆಯಲ್ಲ, 2 ಲಕ್ಷ ಬಂದೇ ಬರುತ್ತದೆ ಎಂದು ನಂಬಿದ್ದವರು ಅಲ್ಲಿ ಸೋತರು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಜಾರಿಗೆ ತಂದಿತು. ಅದರಲ್ಲಿ ಈ ಕತ್ತರಿ ಇಲ್ಲ. ಆದರೂ ಕಟ್ಟಡದ ನಷ್ಟಕ್ಕೆ ವಿಮಾ ಮೊತ್ತಕ್ಕಿಂತ ಹೆಚ್ಚು ಬರುವುದಿಲ್ಲ, ಬರೆದ ಚದರಡಿಗಿಂತ ಹೆಚ್ಚು ಜಾಗಕ್ಕೂ ಬರುವುದಿಲ್ಲ. 2016ರಲ್ಲಿ ಸೇರಿಸಿದ ಕೋಣೆ ಕಾಗದದಲ್ಲಿ ಇರಬೇಕು. ಟೇಪು ಹಿಡಿದದ್ದು ಅದಕ್ಕೇ.

ಈಗ ಏಳಿ, ಹೊರಗೆ ಹೋಗೋಣ. ಹೊಸ ಪಾಲಿಸಿಯ ನಿಯಮಗಳನ್ನು ಮಗಳು ಪ್ರಿಂಟು ತೆಗೆಸಿದ್ದಾಳೆ. ಅವಳು ಒಂದೊಂದೇ ಓದಲಿ, ನಾವು ಮನೆಯನ್ನು ಒಂದು ಸುತ್ತು ಹಾಕುತ್ತಾ ಯಾವ ಸಾಲು ಎಲ್ಲಿ ತಾಗುತ್ತದೆಂದು ನೋಡೋಣ.

ಮೇಲೆ ನೋಡಿ, ಸಿಲ್ವರ್ ಮರ. ಮನೆಯ ಕಡೆಗೇ ವಾಲಿದೆ, ಮೆಣಸಿನ ಬಳ್ಳಿ ತುದಿಯವರೆಗೂ ಹಬ್ಬಿದೆ ಎಂಬ ಆಸೆಗೆ ಕಡಿಸಿಲ್ಲ. ಮರ ಬಿದ್ದು ಮನೆ ಜಖಂ ಆದರೆ ಪಾಲಿಸಿಯಲ್ಲಿ ಬರುತ್ತದೆ. ಬಿರುಗಾಳಿ, ನೆರೆ, ಸಿಡಿಲು, ಭೂಕಂಪ, ಬೆಂಕಿ, ಕಾಡಿನ ಬೆಂಕಿ, ಟ್ಯಾಂಕು ಒಡೆದು ನೀರು ನುಗ್ಗಿದ್ದು, ಗಲಭೆ, ಎಲ್ಲವೂ ಬರುತ್ತವೆ.

ಈ ಗೋಡೆಯ ಮೇಲಿನ ಇನ್ವರ್ಟರ್ ನೋಡಿ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗಿಗೆ ಟಿವಿ, ಇನ್ವರ್ಟರ್, ಮೋಟರು ಸುಡದ ಮನೆ ಕಮ್ಮಿ. ಸಿಡಿಲು ಕವರ್ ಆಗುತ್ತದೆ ಎಂದರೆ ಇದೂ ಆಗುತ್ತದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಮಗಳು ಓದುತ್ತಾಳೆ: ಶಾರ್ಟ್ ಸರ್ಕ್ಯೂಟ್‌ನಿಂದಲೋ ವಿದ್ಯುತ್ತಿನ ಒತ್ತಡ ಏರಿಯೋ ಸುಟ್ಟ ಆ ಯಂತ್ರಕ್ಕೆ ಪರಿಹಾರವಿಲ್ಲ, ಸಿಡಿಲಿನಿಂದ ಹಾಗಾದರೂ ಇಲ್ಲ. ಆ ಕಿಡಿ ಹರಡಿ ಮನೆಗೆ ಬೆಂಕಿ ಹತ್ತಿದರೆ ಉಳಿದ ನಷ್ಟಕ್ಕೆ ಇದೆ. ಮಳೆಗೆ ಮೊದಲು ಒಳ್ಳೆಯ ಅರ್ಥಿಂಗ್ ಮಾಡಿಸುವುದು, ಗುಡುಗಿದಾಗ ಪ್ಲಗ್ಗು ಕೀಳುವುದು, ನಮಗಿರುವ ದಾರಿ ಅಷ್ಟೇ.

ಕಳ್ಳತನ? ಮೇಲಿನ ಅವಘಡಗಳಲ್ಲಿ ಯಾವುದಾದರೂ ನಡೆದು, ಅದರಿಂದಾಗಿ ಏಳು ದಿನದೊಳಗೆ ಆದ ಕಳ್ಳತನ ಮಾತ್ರ ಸೇರಿದೆ. ಸುಮ್ಮನೆ ಬೀಗ ಒಡೆದು ಕದ್ದದ್ದಕ್ಕೆ ಬೇರೆ ವಿಮೆ ಬೇಕು. ಮನೆಯ ಜೊತೆ ಸಾಮಾನಿಗೂ ಮಾಡಿಸಿದರೆ, ಪಟ್ಟಿ ಕೊಡದೆಯೇ ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಸಾಮಾನಿಗೆ ರಕ್ಷಣೆ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 5,70,000. ಫ್ರಿಜ್ಜು, ಮಂಚ, ಗ್ರೈಂಡರ್, ಬಟ್ಟೆ, ಪಾತ್ರೆ ಎಲ್ಲ ಅದರೊಳಗೆ. ಅಮ್ಮನ ಚಿನ್ನಕ್ಕೆ ಬೇರೆಯಾಗಿ ಬೆಲೆ ಬರೆದು ಸೇರಿಸಬೇಕು.

ಆ ಗೋದಾಮಿನ ಬಾಗಿಲು ತೆಗೆಯಬೇಡಿ, ಇಲಿ ನುಗ್ಗುತ್ತದೆ. ಒಳಗೆ ಹದಿನೈದು ಮೂಟೆ ಚೆರಿ ಕಾಫಿ ಇದೆ, ರೇಟು ಏರಲಿ ಎಂದು ಇಟ್ಟದ್ದು. ಅದು ಮನೆಯ ಸಾಮಾನಾಗುವುದಿಲ್ಲ, ಮಾರಾಟದ ಸರಕು. ಸರಕಿಗೆ, ಉದ್ಯಮದ ಕಟ್ಟಡಕ್ಕೆ ಅದೇ 2021ರಲ್ಲಿ ಬಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ, ಒಟ್ಟು 5 ಕೋಟಿ ರೂಪಾಯಿ ಮೌಲ್ಯದವರೆಗೆ. ಮೂಡಿಗೆರೆ, ಕಳಸದ ಸುತ್ತ ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಿದವರು ಎಷ್ಟೋ ಜನ. ಅವರು ಅದನ್ನು ಫಾರ್ಮಿನಲ್ಲಿ ಮೊದಲೇ ಬರೆಯಬೇಕು. ಹಕ್ಕುಪತ್ರ ಇನ್ನೂ ಕೈಗೆ ಬಾರದ ಮನೆಗಳೂ ನಮ್ಮಲ್ಲಿ ಬಹಳ. ಅವರೂ ಮುಚ್ಚಿಡದೆ, ಮನೆಕಂದಾಯದ ರಸೀದಿ ಇಟ್ಟುಕೊಂಡು ಕಂಪನಿಯನ್ನೇ ಬರಹದಲ್ಲಿ ಕೇಳಲಿ.

ಈಗ ಹಿಂದಕ್ಕೆ ಬನ್ನಿ. ಕಾಲು ಮೆಲ್ಲಗೆ ಇಡಿ.

ಇದು ಧರೆ. ಹದಿನಾಲ್ಕು ಅಡಿ ಎತ್ತರ, ಕತ್ತಿಯಲ್ಲಿ ಕಡಿದ ಹಾಗೆ ನೆಟ್ಟಗೆ. ಕೆಂಪು ಮಣ್ಣು, ನಡುವೆ ಒಂದು ಪಟ್ಟಿ ಬಿಳಿ ಜೇಡಿ, ಮೇಲೆ ಕಾಫಿ ಗಿಡದ ಬೇರುಗಳು ನೇತಾಡುತ್ತಿವೆ. ಹಿಂದಿನ ಕೋಣೆಯ ಗೋಡೆಗೂ ಇದಕ್ಕೂ ನಡುವೆ ಐದು ಅಡಿ ಓಣಿ. 2016ರಲ್ಲಿ ಕೋಣೆಗೆ ಜಾಗ ಸಾಲದೆ ಜೆಸಿಬಿ ತರಿಸಿ ಒಂದೇ ದಿನದಲ್ಲಿ ಕಡಿಸಿದೆ. ಕಡಿದ ಮಣ್ಣನ್ನು ಮುಂದಕ್ಕೆ ತುಂಬಿ ಕಣ ಅಗಲ ಮಾಡಿದೆ.

"ಇಷ್ಟು ನೆಟ್ಟಗೆ ಬೇಡ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಅಂತ ಆವಾಗಲೇ ಹೇಳಿದ್ದೆ" ಎನ್ನುತ್ತಾರೆ ಮೇಸ್ತ್ರಿ. ಹೇಳಿದ್ದು ನಿಜ. ನಾನು ಕೇಳಲಿಲ್ಲ.

2019ರ ಆಗಸ್ಟ್ 9, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಆಶ್ಲೇಷಾ ಮಳೆ. ಆ ದಿನಗಳಲ್ಲಿ ಈ ಓಣಿಯಲ್ಲಿ ನಿಂತವರಿಗೆ ಧರೆಯೊಳಗಿಂದ ನೀರಿನ ಸದ್ದು ಕೇಳುತ್ತಿತ್ತು. ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ, ನಮ್ಮ ಕಡೆಯ ಚನ್ನಹಡ್ಲು. ಗುಡ್ಡ ಜಾರಿ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಉಟ್ಟ ಬಟ್ಟೆಯಲ್ಲಿ ಹೊರಟವರು ಬದಲಿ ಜಾಗ, ಬದಲಿ ಮನೆಗಾಗಿ ವರ್ಷಗಟ್ಟಲೆ ಕಚೇರಿ ಅಲೆದರು. ಚಾರ್ಮಾಡಿ ಘಾಟಿಯೂ ಮುಚ್ಚಿತ್ತು. ಅದರ ಹಿಂದಿನ ವರ್ಷ ಗುಡ್ಡ ಜಾರಿದ್ದು ಕೊಡಗಿನಲ್ಲಿ, 2024ರ ಜುಲೈನಲ್ಲಿ ಶಿರೂರಿನಲ್ಲಿ, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ. ಇಸ್ರೋ 2023ರಲ್ಲಿ ಹೊರತಂದ ಭೂಕುಸಿತದ ಅಟ್ಲಾಸಿನ 147 ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಇದೆ.

ಮಗಳು ಪುಟ ತಿರುವುತ್ತಾಳೆ. ಭೂಕುಸಿತ, ನೆಲ ಕುಸಿತ, ಬಂಡೆ ಉರುಳುವುದು: ಕವರ್ ಇದೆ. ನಿಟ್ಟುಸಿರು ಬಿಡುವ ಮೊದಲು ಪಕ್ಕದ ಕಾಲಮ್ಮು ಕೇಳಿ. ಯಾವುದಕ್ಕೆ ಇಲ್ಲ? ಹೊಸ ಕಟ್ಟಡ ಸಹಜವಾಗಿ ಕೂತು ಬಿರುಕು ಬಿಟ್ಟದ್ದಕ್ಕೆ ಇಲ್ಲ. ತುಂಬಿದ ಮಣ್ಣು ಜಗ್ಗಿದ್ದಕ್ಕೆ ಇಲ್ಲ. ಹೊಳೆ ದಡ ಕೊರೆದದ್ದಕ್ಕೆ ಇಲ್ಲ. ಕೆಟ್ಟ ಕೆಲಸ, ಕೆಟ್ಟ ಸಾಮಗ್ರಿಯಿಂದ ಆದದ್ದಕ್ಕೆ ಇಲ್ಲ. ಕಟ್ಟುವಾಗ, ಕೆಡಹುವಾಗ, ನೆಲ ಅಗೆದದ್ದರಿಂದ ಆದ ಕುಸಿತಕ್ಕೆ ಇಲ್ಲ.

"ಅಪ್ಪ, ಕೊನೆಯದ್ದು ಇದೇ ಅಲ್ವಾ?" ಎಂದು ಧರೆ ತೋರಿಸುತ್ತಾಳೆ.

ಯಾರೂ ಮಾತಾಡುವುದಿಲ್ಲ. ಧರೆಯ ಮೇಲಿನಿಂದ ಒಂದು ಹಿಡಿ ಮಣ್ಣು ಪುಡಿಪುಡಿಯಾಗಿ ಉದುರಿ ನಿಮ್ಮ ಕಾಲ ಬಳಿ ಬೀಳುತ್ತದೆ.

ಪೂರ್ತಿ ಗುಡ್ಡವೇ ಮೇಲಿನಿಂದ ಜಾರಿ ಬಂದರೆ ಒಂದು ಮಾತು. ನಾವೇ ಕಡಿದ ಧರೆ ಜಗ್ಗಿ ಗೋಡೆಯ ಮೇಲೆ ಬಿದ್ದರೆ ಇನ್ನೊಂದು ಮಾತು. ಮಳೆಯಿಂದ ಬಿತ್ತೋ, ಕಡಿದದ್ದರಿಂದ ಬಿತ್ತೋ? ನಷ್ಟ ಅಳೆಯಲು ಬರುವ ವಿಮಾ ಸರ್ವೇಯರ್ ಇದೇ ಓಣಿಯಲ್ಲಿ ನಿಂತು ಕೇಳುವ ಪ್ರಶ್ನೆ ಅದು, ಕ್ಲೇಮು ನಿಲ್ಲುವುದೂ ಬೀಳುವುದೂ ಅದರ ಮೇಲೆ. ಮಲೆನಾಡಿನಲ್ಲಿ ಧರೆ ಕಡಿಯದೆ ಕಟ್ಟಿದ ಹೊಸ ಮನೆ ಎಷ್ಟಿದ್ದಾವು? ಸಮತಟ್ಟು ನೆಲವೆಲ್ಲ ಗದ್ದೆ, ತೋಟ. ಮನೆಯ ಪಾಲಿಗೆ ಉಳಿದದ್ದು ಇಳಿಜಾರು. ಬಯಲುಸೀಮೆಯ ಓದುಗರು ಈ ಸಾಲನ್ನು ದಾಟಿ ಹೋಗಬಹುದು. ನಮಗೆ ಇಡೀ ಪಾಲಿಸಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ.

ವಿಮಾ ಏಜೆಂಟರಿಗೆ ಇಲ್ಲಿಂದಲೇ ಫೋನು ಮಾಡುತ್ತೇನೆ. ಈ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಸ್ಪೀಕರಿಗೆ ಹಾಕಿದ್ದೇನೆ, ಕೇಳಿ.

"ಲ್ಯಾಂಡ್‌ಸ್ಲೈಡ್ ಕವರ್ ಇದೆ ಸರ್, ನೀವು ಎಂತ ಚಿಂತೆ ಮಾಡಬೇಡಿ."

"ಹಿಂದೆ ಧರೆ ಇದೆ, ನಾವೇ ಕಡಿಸಿದ್ದು. ಫಾರ್ಮಿನಲ್ಲಿ ಬರೆಯುವುದಾ?"

"ಅದನ್ನೆಲ್ಲ ಯಾರು ಕೇಳ್ತಾರೆ ಸರ್?"

"ಬಿದ್ದ ಮೇಲೆ ಕೇಳ್ತಾರಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಆಯ್ತು ಸರ್, ಬರೆದು ಕೊಡಿ. ಫೋಟೋ ಹಾಕಿ. ನಾನು ಆಫೀಸಿಗೆ ಕಳಿಸ್ತೇನೆ."

ಕೆಟ್ಟ ಮನುಷ್ಯರಲ್ಲ ಅವರು. ಪ್ರಶ್ನೆ ಕೇಳುವವರು ಅವರಿಗೆ ಸಿಕ್ಕಿಲ್ಲ, ಅಷ್ಟೇ. ಮಗಳು ಅಡುಗೆಮನೆಯ ಮೇಜಿನ ಬಳಿ ಕೂತು ನಾಲ್ಕು ಸಾಲು ಬರೆಯುತ್ತಾಳೆ. ಮನೆಯ ಹಿಂದೆ 2016ರಲ್ಲಿ ಕಡಿದ ಹದಿನಾಲ್ಕು ಅಡಿ ಧರೆ ಇದೆ, ಕಲ್ಲಿನ ತಡೆಗೋಡೆ ಅರ್ಧ ಎತ್ತರಕ್ಕಿದೆ, ಫೋಟೋ ಲಗತ್ತಿಸಿದೆ, ಮಳೆಯಿಂದ ಇದು ಕುಸಿದರೆ ರಕ್ಷಣೆ ಇದೆಯೇ ಎಂದು ಲಿಖಿತವಾಗಿ ತಿಳಿಸಿ. ಈ ಪತ್ರದ ಪ್ರತಿ ಪಾಲಿಸಿಯ ಜೊತೆಗೇ ಇರುತ್ತದೆ. ನಾವು ಮುಚ್ಚಿಟ್ಟೆವು ಎಂದು ಮುಂದೆ ಯಾರೂ ಹೇಳಲಾಗದು.

ವಿಮೆ ಧರೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮೇಸ್ತ್ರಿಗೆ ಕೇಳಿದೆ, ಈಗ ಏನು ಮಾಡಬಹುದು? ಮಳೆ ಹಿಡಿಯುವ ಹೊತ್ತಿಗೆ ಧರೆ ಮುಟ್ಟಲೇಬಾರದು ಎಂದರು. ಮೇಲೆ, ಧರೆಯ ತಲೆಯಿಂದ ಹತ್ತಡಿ ಹಿಂದೆ, ಗುಡ್ಡದ ನೀರನ್ನು ಅಡ್ಡ ತಿರುಗಿಸಿ ಹಳ್ಳಕ್ಕೆ ಬಿಡುವ ಕಂದಕ ತೋಡಿಸಬೇಕು. ತಡೆಗೋಡೆಯಲ್ಲಿ ಕಟ್ಟಿಹೋದ ನೀರಿನ ಪೈಪುಗಳನ್ನು ಬಿಡಿಸಬೇಕು. ಡಿಸೆಂಬರಿನಲ್ಲಿ ಮೆಟ್ಟಿಲಾಗಿ ಇಳಿಸಿ, ಬರುವ ಮುಂಗಾರಿಗೆ ಲಾವಂಚ ನೆಡಬೇಕು. ಅಲ್ಲಿಯವರೆಗೆ ಕಣ್ಣಿಟ್ಟಿರಬೇಕು: ಧರೆಯ ತಲೆಯಲ್ಲಿ ಬಿರುಕು ಕಂಡರೆ, ಮರ ವಾಲಿದರೆ, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ ಮನೆ ಬಿಟ್ಟು ಹೊರಡಬೇಕು. ಈ ಮಳೆಗಾಲ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ಮಂಚವನ್ನು ಪಡಸಾಲೆಗೆ ತರಲು ನೀವೂ ಒಂದು ಕೈ ಹಾಕಿ.

ಮಂಚ ಇಟ್ಟಾಯಿತು. ಇನ್ನು ಖರ್ಚಿನ ಮಾತು.

ಎರಡು ಕಂಪನಿಗಳಿಂದ ರೇಟು ತರಿಸಿದ್ದೇವೆ. ಕಟ್ಟಡಕ್ಕೆ 28,50,000, ಸಾಮಾನಿಗೆ 5,70,000, ಒಂದು ವರ್ಷಕ್ಕೆ. ಒಬ್ಬರದ್ದು ಪ್ರೀಮಿಯಂ 1,350, ಅದರ ಮೇಲೆ ಶೇ. 18 ಜಿಎಸ್‌ಟಿ 243, ಒಟ್ಟು 1,593. ಇನ್ನೊಬ್ಬರದ್ದು 1,750, ತೆರಿಗೆ 315, ಒಟ್ಟು 2,065. ನಿಯಮಗಳ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಒಂದೇ. ಮಾದರಿ ಪಾಲಿಸಿ ಆದ್ದರಿಂದ ಮೂಲ ರಕ್ಷಣೆ ಎಲ್ಲ ಕಂಪನಿಯದ್ದೂ ಅದೇ, ಬೆಲೆ ಮಾತ್ರ ಬೇರೆ. 472 ರೂಪಾಯಿ ಹೆಚ್ಚು ಕೊಡಲು ನನಗೆ ಕಾರಣ ಕಾಣಲಿಲ್ಲ. ಒಂದೇ ಸಲ ಹತ್ತು ವರ್ಷದವರೆಗೂ ಮಾಡಿಸಬಹುದು. ಆಗ ವಿಮಾ ಮೊತ್ತ ಪ್ರತಿ ವರ್ಷ ಶೇ. 10ರಂತೆ ತಾನಾಗಿ ಏರುತ್ತದೆ. ಸಿಮೆಂಟಿನ ಬೆಲೆ ಏರಿದಂತೆ ಮೊತ್ತವೂ ಏರುವುದು ಒಳ್ಳೆಯದೇ. ಆದರೆ ಹತ್ತು ವರ್ಷ ಕಾಗದ ಮುಟ್ಟದೆ ಮಲಗಿಬಿಡುವವನು ನಾನು, ಅದನ್ನು ಬಲ್ಲೆ. ಅದಕ್ಕೇ ಮೂರು ವರ್ಷಕ್ಕೆ ಮಾಡಿಸುವುದೆಂದು ತೀರ್ಮಾನಿಸಿದೆವು.

1,593ನ್ನು ತಿಂಗಳಿಗೆ ಹಂಚಿದರೆ 133 ರೂಪಾಯಿ. ಇನ್ನೊಂದು ಲೆಕ್ಕ ನೋಡಿ. ಹವಾಮಾನ ಆಧಾರಿತ ಬೆಳೆ ವಿಮೆಗೆ ಮಳೆಗಾಲದ ಆರಂಭದಲ್ಲಿ ನಾವೆಲ್ಲ ಸೊಸೈಟಿಯ ಮುಂದೆ ಸಾಲು ನಿಲ್ಲುತ್ತೇವೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆ, ನಮ್ಮ ಪಾಲು ಶೇ. 5, ಅಂದರೆ 6,400. ಪಂಚಾಯಿತಿಯ ಮಳೆಮಾಪಕ ಸರಿಯಿದೆಯೋ ಇಲ್ಲವೋ ಎಂದು ಜಗಳವಾಡುವಷ್ಟು ಆ ವಿಮೆ ನಮಗೆ ಗೊತ್ತು. ಎಲೆಚುಕ್ಕಿ ರೋಗದಲ್ಲಿ ತೋಟ ಸೋತ ಮೇಲೆ ಆ ದುಡ್ಡೇ ಎಷ್ಟೋ ಮನೆಗಳ ಆಸರೆಯಾಯಿತು. ಅದರ ಕಾಲುಭಾಗ ಖರ್ಚಿನಲ್ಲಿ ಮನೆಗೆ ವಿಮೆ ಬರುತ್ತದೆಂಬುದು ಅದೇ ಸಾಲಿನಲ್ಲಿ ನಿಂತ ಬಹಳ ಜನರಿಗೆ ಗೊತ್ತಿಲ್ಲ. ಸೊಸೈಟಿಯ ಅದೇ ಕಿಟಕಿಯಲ್ಲಿ ಮನೆಯ ಪಾಲಿಸಿಯ ಫಾರ್ಮನ್ನೂ ಇಟ್ಟರೆ ಎಷ್ಟು ಉಪಕಾರವಾದೀತು!

ಸರ್ಕಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. 2022ರಿಂದ 26ರ ಅವಧಿಯ ರಾಜ್ಯ ವಿಪತ್ತು ಪರಿಹಾರ ನಿಧಿಯ (ಎಸ್‌ಡಿಆರ್‌ಎಫ್) ನಿಯಮದಂತೆ ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ 1,30,000 ರೂಪಾಯಿ. ಕನಿಷ್ಠ ಶೇ. 15 ಹಾನಿಯಾದ ಪಕ್ಕಾ ಮನೆಗೆ 6,500. 2019ರಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು, ಅದು ದೊಡ್ಡ ಮನಸ್ಸಿನ ಕೆಲಸವೇ. ಆದರೂ ಮೇಸ್ತ್ರಿಯ 2,200ರ ಲೆಕ್ಕದಲ್ಲಿ 5 ಲಕ್ಷಕ್ಕೆ ಏಳುವುದು 227 ಚದರಡಿ. ನೀವು ಈಗ ತಾನೇ ಅಳೆದ ಪಡಸಾಲೆಯೇ 216.

ಹೊರಗೆ ಕತ್ತಲಾಯಿತು, ಅಮ್ಮ ಹಪ್ಪಳದ ಚಾಪೆ ಎತ್ತಿದರು. ಮೊದಲ ಹನಿಗಳು ಹಂಚಿನ ಮೇಲೆ ಬೀಳುತ್ತಿವೆ. ಕರೆಂಟು ಹೋಗುವುದರೊಳಗೆ ಇನ್ನೊಂದು ಕೆಲಸ ಮುಗಿಸೋಣ. ಫೋನು ಹಿಡಿದು ಒಂದೊಂದು ಕೋಣೆಯ ನಾಲ್ಕು ಮೂಲೆ, ಮಾಡು, ಧರೆ, ತಡೆಗೋಡೆ, ಫ್ರಿಜ್ಜು-ಟಿವಿಯ ಬಿಲ್ಲು, ಎಲ್ಲದರ ಫೋಟೋ ತೆಗೆಯಿರಿ. ಸೇತುವೆ ಮುಳುಗಿದ ದಿನ ಸರ್ವೇಯರ್ ಇತ್ತ ಬರಲಾರರು, ಬರುವಷ್ಟರಲ್ಲಿ ಮಣ್ಣು ತೆಗೆಯದೆ ನಾವು ಇರಲಾರೆವು. ಆಗ ಮಾತಾಡುವುದು ಈ ಫೋಟೋಗಳೇ. ಮನೆಪತ್ರ, ಪಾಲಿಸಿ, ಫೋಟೋ ಎಲ್ಲದರ ಒಂದು ಪ್ರತಿಯನ್ನು ಮಗಳು ಶಿವಮೊಗ್ಗದಲ್ಲಿರುವ ಅತ್ತೆಗೆ ಕಳಿಸಿದಳು.

ಕ್ಲೇಮು ತಿರಸ್ಕರಿಸಿದರೆ ಅಲ್ಲಿಗೇ ಮುಗಿಯುವುದಿಲ್ಲ, ಇದೂ ತಿಳಿದಿರಲಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷದವರೆಗಿನ ವಿವಾದ ಅವರು ಕೇಳುತ್ತಾರೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿಯ ಸಂಖ್ಯೆ 155255.

ಜೂನ್ 1ರ ಮೊದಲ ಗಂಟೆಯಿಂದ ನಮ್ಮ ಹೊಸ ಪಾಲಿಸಿ ಶುರು. ಧರೆಯ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬರುವವರೆಗೆ ನಾನು ಕೇಳುತ್ತಲೇ ಇರುತ್ತೇನೆ. ಭೂಕುಸಿತದ ಅಪಾಯವಿರುವ ಪಂಚಾಯಿತಿಗಳ ಬಡವರ ಮನೆಗಳಿಗೆ ಸರ್ಕಾರವೇ ಈ ಪ್ರೀಮಿಯಂ ಕಟ್ಟಲಿ, ಧರೆಯ ಆ ಒಂದು ಸಾಲನ್ನು ಮಲೆನಾಡಿಗಾಗಿ ಐಆರ್‌ಡಿಎಐ ತಿದ್ದಲಿ. ನೀವು ಊರಿಗೆ ಹೋದವರೇ ಪೆಟ್ಟಿಗೆ ತೆಗೆದು ನಿಮ್ಮ ಮನೆಯ ಪಾಲಿಸಿ ಹುಡುಕಿ. ಮೊತ್ತ ಎಷ್ಟಿದೆ, ಯಾರ ಹೆಸರಲ್ಲಿದೆ, ಯಾವ ತಾರೀಕಿಗೆ ಮುಗಿಯುತ್ತದೆ, ನೋಡಿ. ಆಮೇಲೆ ಅದನ್ನು ಹಿಡಿದುಕೊಂಡು ಮನೆಯ ಹಿಂದಕ್ಕೆ ಹೋಗಿ ಒಮ್ಮೆ ನಿಲ್ಲಿ.